ವಾಚನಾಲಯದ ನೌಕರಿಗೆ ಗಿರಣಿಯಿಂದ ಬಂದವನು

ವಾಚನಾಲಯದ ನೌಕರಿಯೊಂದು ಖಾಲಿ ಬಿದ್ದಿತೆಂದರೆ ನಮ್ಮ ಕಡೆ ಅರ್ಜಿ ಹಾಕುವವರು ಯಾರು? ಹಾನಗಲ್ಲದ ಅಕ್ಕಿ ಗಿರಣಿಯಲ್ಲಿ ಚೀಲದ ಲೆಕ್ಕ ಬರೆಯುವವನು, ಶಿಗ್ಗಾಂವದಲ್ಲಿ ದಿನಗೂಲಿಯ ಮೇಲೆ ಹೊಲಿಗೆಗೆ ಹೋಗುವ ಹೆಣ್ಣುಮಗಳು, ಸವಣೂರಿನ ಕಿರಾಣಿ ಅಂಗಡಿಯ ಗುಮಾಸ್ತ, ಹಿರೇಕೆರೂರಿನ ಕಡೆ ಹತ್ತಿಯ ಹಂಗಾಮಿನಲ್ಲಿ ಮಾತ್ರ ಕೆಲಸ ಸಿಗುವ ಜಿನ್ನಿನ ಕೂಲಿಕಾರ. ಗ್ರಂಥಾಲಯ ಶಾಸ್ತ್ರದಲ್ಲಿ ಪದವಿ ಪಡೆದವರು ಈ ನಾಲ್ಕು ತಾಲೂಕುಗಳಲ್ಲಿ ಇಲ್ಲವೆಂದು ನಾವು ಹೇಳುವದಿಲ್ಲ. ಅವರು ದೊಡ್ಡ ಊರಿನ ದೊಡ್ಡ ಕಾಲೇಜಿನ ದಾರಿ ಹಿಡಿಯುತ್ತಾರೆ, ಹಿಡಿಯಲಿ. ಹಳ್ಳಿಯ ಮತ್ತು ಸಣ್ಣ ಪೇಟೆಯ ವಾಚನಾಲಯದ ಬಾಗಿಲಿಗೆ ಬರುವವರು ಮಾತ್ರ ಬೇರೆ ಕಸುಬಿನವರೇ. ಅವರನ್ನು ಮುಲಾಖತಿಗೆ ಕರೆದವರು ಏನು ಕೇಳುತ್ತಾರೆ, ಏನು ಕೇಳುವದಿಲ್ಲ, ಕೊನೆಗೆ ಎಷ್ಟು ಕೊಡುತ್ತೇವೆಂದು ಹೇಳುತ್ತಾರೆ ಎಂಬುದು ದುಡಿಯುವವರ ಪ್ರಶ್ನೆಯಾಗಿದೆ. ಆದ್ದರಿಂದ ಇದನ್ನು ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇವೆ.

ನಮಗೆ ಗೊತ್ತಿರುವ ಒಬ್ಬ ತರುಣನಿದ್ದಾನೆ. ಹತ್ತಿ ಗಿರಣಿಯಲ್ಲಿ ಅಂಡಿಗೆಗಳ ತೂಕ ಮತ್ತು ನಂಬರು ಬರೆಯುವ ಕೆಲಸ. ಪಿ.ಯು.ಸಿ. ಪಾಸಾಗಿದ್ದಾನೆ. ಊಟದ ಬಿಡುವಿನಲ್ಲಿ ಪುಸ್ತಕ ಹಿಡಿದು ಕೂಡ್ರುತ್ತಾನೆಂದು ಜೊತೆಯವರು ಅವನನ್ನು ‘ಪಂಡಿತ’ ಎಂದೇ ಕರೆಯುತ್ತಾರೆ. ಒಂದು ಖಾಸಗಿ ಸಂಸ್ಥೆಯ ವಾಚನಾಲಯಕ್ಕೆ ಅವನು ಅರ್ಜಿ ಹಾಕಿದನು. ಊರಿನ ಹೆಸರನ್ನೂ ಸಂಸ್ಥೆಯ ಹೆಸರನ್ನೂ ನಾವು ಬರೆಯುವದಿಲ್ಲ. ಬರೆದರೆ ಹುಡುಗನ ಈಗಿನ ಹೊಟ್ಟೆಪಾಡಿಗೂ ಕುತ್ತು ಬರುತ್ತದೆ. ಮುಂಜಾನೆ 10 ಗಂಟೆಗೆ ಬಾ ಎಂದು ಹೇಳಿ ಮಧ್ಯಾಹ್ನ ಮೂರೂವರೆಗೆ ಒಳಗೆ ಕರೆದರು. ನಡೆದ ಮಾತು ಇಷ್ಟು:

“ಇಷ್ಟ ವರ್ಷ ಹತ್ತೀ ಗಿರಣ್ಯಾಗ ಇದ್ದಿ. ಈಗ ಪುಸ್ತಕದ ಕಡೆ ಯಾಕ ಬಂದಿ? ಅಲ್ಲೆ ಏನರೆ ಭಾನಗಡಿ ಆತೇನು?”

“ಇಲ್ರಿ ಸಾಹೇಬ್ರ, ಓದೂ ಹವ್ಯಾಸ ಐತ್ರಿ.”

“ಓದೂದು ಬ್ಯಾರೆ, ನೌಕರಿ ಬ್ಯಾರೆ. ಸರ್ಟಿಫಿಕೀಟ ಐತೇನು?”

“ಇಲ್ರಿ. ತಗೊಂಡ್ರ ಕಲಿತೇನ್ರಿ.”

“ನೋಡೂಣು. ಎಷ್ಟಕ್ಕ ಬರ್ತಿ?”

ಮುಗಿಯಿತು. ಊರಿನ ಜನ ಯಾವ ಪುಸ್ತಕ ಕೇಳುತ್ತಾರೆ, ಗಿರಣಿಯ ಪಾಳಿ ಎಷ್ಟಕ್ಕೆ ಬಿಡುತ್ತದೆ, ಹರಿದ ಪುಸ್ತಕ ತಂದುಕೊಟ್ಟ ಹುಡುಗನಿಗೆ ಏನು ಹೇಳುತ್ತೀ ಎಂದು ಯಾರೂ ಕೇಳಲಿಲ್ಲ. ಆ ದಿನದ ಕೂಲಿ ಹೋಯಿತು. ಎಲ್ಲಿಗೆ ಹೋಗಿದ್ದನೆಂಬ ಸುದ್ದಿ ಗಿರಣಿಗೆ ಮೊದಲೇ ಮುಟ್ಟಿತ್ತು. ಮುಕಾದಮನು ಮುಂದೆ ಎರಡು ದಿನ ಅವನಿಗೆ ಪಾಳಿ ಕೊಡಲಿಲ್ಲ. ಒಂದು ಮುಲಾಖತಿಗೆ ಮೂರು ದಿನದ ಅನ್ನ! ಪೇಟೆಯಲ್ಲಿ ಇಂಥ ವ್ಯಾಪಾರ ಮಾಡಿದ ಅಂಗಡಿಕಾರನು ತಿಂಗಳೊಳಗೆ ಬಾಗಿಲು ಹಾಕಿಕೊಂಡು ಹೋಗಬೇಕಾಗುತ್ತದೆ.

“ಗಿರಣಿಯವನಿಗೆ ಗ್ರಂಥಾಲಯದ ಕೆಲಸ ಏನು ತಿಳಿದೀತು?” ಎಂದು ಕೇಳುವ ದೊಡ್ಡ ಮನುಷ್ಯರಿಗೆ ನಾವು ಒಂದು ಹಳೆಯ ಸಂಗತಿಯನ್ನು ನೆನಪು ಮಾಡಿಕೊಡುತ್ತೇವೆ.

ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರೆಂದು ಎಲ್ಲರೂ ಒಪ್ಪಿದ ಎಸ್. ಆರ್. ರಂಗನಾಥನ್ ಅವರು ಗಣಿತದ ಮಾಸ್ತರರಾಗಿದ್ದರು. 1892ರಲ್ಲಿ ತಂಜಾವೂರ ಸೀಮೆಯ ಶಿಯಾಳಿಯಲ್ಲಿ ಹುಟ್ಟಿದವರು. 1917ರಲ್ಲಿ ನೌಕರಿಗೆ ಸೇರಿ ಮೊದಲು ನಮ್ಮ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಪಾಠ ಹೇಳಿದರು. ಆಮೇಲೆ ಕೊಯಮತ್ತೂರು, ಆಮೇಲೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು. ಹುಡುಗರಿಗೆ ಅಚ್ಚುಮೆಚ್ಚಿನ ಮಾಸ್ತರರು, ಆದರೆ ಪಗಾರ ಕಡಿಮೆ. 1923ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದವರು ಗ್ರಂಥಪಾಲನ ಜಾಗವೊಂದನ್ನು ಹೊಸದಾಗಿ ಹುಟ್ಟಿಸಿದರು. ಪಗಾರ ಹೆಚ್ಚೆಂದು ಗೆಳೆಯರು ಒತ್ತಾಯ ಮಾಡಿದ್ದರಿಂದ ರಂಗನಾಥನ್ ಅವರೂ ಅರ್ಜಿ ಹಾಕಿದರು. ಬಂದ ಅರ್ಜಿಗಳು ಹತ್ತಿರ ಹತ್ತಿರ 900. ಅಷ್ಟು ಜನರಲ್ಲಿ ಗ್ರಂಥಾಲಯದ ಕೆಲಸವನ್ನು ಶಾಸ್ತ್ರೀಯವಾಗಿ ಕಲಿತವನು ಒಬ್ಬನೂ ಇರಲಿಲ್ಲ. ರಂಗನಾಥನ್ ಅವರ ತಯಾರಿಯಾದರೂ ಎಷ್ಟು? ಮುಲಾಖತಿಗೆ ಕೆಲವು ದಿನ ಮೊದಲು ಬ್ರಿಟಾನಿಕಾ ವಿಶ್ವಕೋಶದಲ್ಲಿ ಗ್ರಂಥಾಲಯಗಳ ಬಗೆಗೆ ಇದ್ದ ಲೇಖನವನ್ನು ಓದಿಕೊಂಡು ಹೋಗಿದ್ದರು, ಅಷ್ಟೇ. ನಮ್ಮ ಗಿರಣಿಯ ಹುಡುಗ ಅದಕ್ಕಿಂತ ಹೆಚ್ಚೇ ಓದಿಕೊಂಡು ಹೋಗಿದ್ದ!

ಅವರನ್ನೇ ಆರಿಸಿದರು. 1924ರ ಜನವರಿಯಲ್ಲಿ ಕೆಲಸಕ್ಕೆ ಹಾಜರಾದರು. ಮುಂದೆ ನಡೆದದ್ದೇ ನಮಗೆ ಮುಖ್ಯ. ಕೆಲವೇ ದಿನಗಳಲ್ಲಿ ಅವರಿಗೆ ಬೇಸರ ಹಿಡಿಯಿತು. ಹುಡುಗರ ಗದ್ದಲದಲ್ಲಿ ಬೆಳೆದ ಮಾಸ್ತರನನ್ನು ತಂದು ಮಾತಾಡದ ಪುಸ್ತಕಗಳ ಕೋಣೆಯಲ್ಲಿ ಕೂಡ್ರಿಸಿದರೆ ಏನಾದೀತು? ನನ್ನನ್ನು ತಿರುಗಿ ಕಾಲೇಜಿಗೆ ಕಳಿಸಿರೆಂದು ಕೇಳಿಕೊಂಡರು. ವಿಶ್ವವಿದ್ಯಾಲಯದವರು ಸಿಟ್ಟಾಗಲಿಲ್ಲ, ಬಾಂಡು ಬರೆಸಿಕೊಳ್ಳಲಿಲ್ಲ. ಇಂಗ್ಲೆಂಡಿಗೆ ಹೋಗಿ ಈ ವಿದ್ಯೆಯನ್ನು ಕಲಿತು ಬಾ, ಆಮೇಲೂ ಮನಸ್ಸಿಲ್ಲದಿದ್ದರೆ ನಿನ್ನ ಗಣಿತದ ಜಾಗ ನಿನಗೆ ಇದ್ದೇ ಇದೆ ಎಂದರು. ಅವರು ಹೋದರು. ಲಂಡನ್ನಿನ ಯುನಿವರ್ಸಿಟಿ ಕಾಲೇಜಿನಲ್ಲಿ ಕಲಿತರು, ಊರೂರಿನ ಗ್ರಂಥಾಲಯಗಳನ್ನು ತಿರುಗಿ ನೋಡಿದರು. ಕಾರ್ಖಾನೆಯವನೂ ಕೂಲಿಕಾರನೂ ಬಂದು ಪುಸ್ತಕ ಒಯ್ಯುವದನ್ನು ಅಲ್ಲಿ ಕಣ್ಣಾರೆ ಕಂಡರು. ತಿರುಗಿ ಬಂದವರು ಗಣಿತದ ಜಾಗವನ್ನು ಕೇಳಲಿಲ್ಲ. 20 ವರ್ಷ ಅದೇ ಗ್ರಂಥಾಲಯದಲ್ಲಿ ದುಡಿದರು. 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಪುಸ್ತಕ ಮಾಡಿ ಲೋಕಕ್ಕೆ ಕೊಟ್ಟರು. ಪುಸ್ತಕ ಇರುವದು ಬಳಸುವದಕ್ಕೆ, ಓದುವವನ ಹೊತ್ತು ಹಾಳು ಮಾಡಬಾರದು ಎಂಬಂಥ ಸಾದಾ ಮಾತುಗಳೇ ಅವು. 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು, 1962ರಲ್ಲಿ ಅಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನೆಗೂ ತರಬೇತಿಗೂ ಒಂದು ಕೇಂದ್ರ ತೆರೆದರು, 1972ರಲ್ಲಿ ಅಲ್ಲೇ ತೀರಿಕೊಂಡರು.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು, ಏಕೆಂದರೆ ನಮ್ಮ ವಾಚಕರಲ್ಲಿ ಅರ್ಧ ಜನ ಅಂಗಡಿಕಾರರು. ಪುಸ್ತಕಗಳನ್ನು ವಿಷಯದ ಮೇಲಿಂದ ವಿಂಗಡಿಸುವದಕ್ಕೆ ರಂಗನಾಥನ್ ಅವರು ತಮ್ಮದೇ ಒಂದು ಪದ್ಧತಿಯನ್ನು ಕಂಡುಹಿಡಿದರು. 1933ರಲ್ಲಿ ಅದು ಅಚ್ಚಾಯಿತು. ಅದರ ಹೊಳವು ಅವರಿಗೆ ಸಿಕ್ಕಿದ್ದು ಯಾವ ಪಂಡಿತರ ಸಭೆಯಲ್ಲಿಯೂ ಅಲ್ಲ, ಲಂಡನ್ನಿನ ಒಂದು ದೊಡ್ಡ ಅಂಗಡಿಯಲ್ಲಿ. ಅಲ್ಲಿ ಮೆಕಾನೊ ಎಂಬ ಆಟಿಗೆಯನ್ನು ಮಾರುತ್ತಿದ್ದವನು ಅವೇ ಪಟ್ಟಿ, ಅವೇ ಮೊಳೆಗಳನ್ನು ಜೋಡಿಸಿ ಬಿಚ್ಚಿ ಬೇರೆ ಬೇರೆ ಯಂತ್ರ ಮಾಡಿ ಗಿರಾಕಿಗಳಿಗೆ ತೋರಿಸುತ್ತಿದ್ದ. ಸಣ್ಣ ಸಣ್ಣ ತುಣುಕುಗಳನ್ನು ಜೋಡಿಸಿ ಯಾವ ವಿಷಯಕ್ಕೂ ನಂಬರು ಕಟ್ಟಬಹುದೆಂದು ಅವರಿಗೆ ತೋಚಿದ್ದು ಆಗ. ಪೇಟೆಯನ್ನು ಬಲ್ಲವನಿಗೆ ಗ್ರಂಥಾಲಯ ತೀರ ದೂರದ್ದಲ್ಲವೆಂದು ಇದರ ಮೇಲಿಂದ ನಾವು ಹೇಳಿದರೆ ತಪ್ಪಾಗಲಾರದು.

ಹಾಗೆ ನೋಡಿದರೆ ಕಸುಬು ಬದಲಿಸುವದು ನಮ್ಮ ನೆಲಕ್ಕೆ ಹೊಸದೇ? ಶಿಗ್ಗಾಂವ ತಾಲೂಕಿನ ಬಾಡದ ದಂಡನಾಯಕ ದಾಸನಾದ. ಅದೇ ತಾಲೂಕಿನ ಶಿಶುವಿನಹಾಳದ ಶರೀಫರು ಕೆಲಕಾಲ ಶಾಲೆಯ ಮಾಸ್ತರಿಕೆ ಮಾಡಿದವರು. ಹಾವೇರಿ ಕಡೆಯ ಗಳಗನಾಥರೂ ಮಾಸ್ತರರೇ. ಕಾದಂಬರಿ ಬರೆದು, ತಾವೇ ಅಚ್ಚು ಹಾಕಿಸಿ, ಗಂಟು ಹೊತ್ತು ಊರೂರು ತಿರುಗಿ ಮಾರಿ ಕನ್ನಡಿಗರಿಗೆ ಓದುವ ರೂಢಿ ಹಚ್ಚಿದರು. ಇವರನ್ನೆಲ್ಲ ಮುಲಾಖತಿಗೆ ಕರೆದು “ಅಲ್ಲೆ ಏನರೆ ಭಾನಗಡಿ ಆತೇನು?” ಎಂದು ಕೇಳಿದ್ದರೆ ಹೇಗಿರುತ್ತಿತ್ತು! ಮಾಸ್ತರಿಕೆ ಬಿಟ್ಟು ಈ ಕೆಲಸಕ್ಕೆ ಬಂದ ನಮ್ಮನ್ನೂ ಅದನ್ನೇ ಕೇಳಿದವರಿದ್ದಾರೆ. ಇರಲಿ.

ಈಗ ಕೆಲಸದ ಮಾತಿಗೆ ಬರೋಣ. ಸಣ್ಣ ವಾಚನಾಲಯದಲ್ಲಿ ದಿನಾಲು ಇರುವ ಕೆಲಸ ಯಾವದು? ಬಂದ ಪುಸ್ತಕಕ್ಕೆ ನಂಬರು ಕೊಟ್ಟು ದಾಖಲೆ ಪುಸ್ತಕದಲ್ಲಿ ಬರೆಯುವದು: ಅಂಡಿಗೆಯ ನಂಬರು ಬರೆಯುವವನು ಇದನ್ನು ಎಂಟು ದಿನದಲ್ಲಿ ಕಲಿಯುತ್ತಾನೆ. ಕೇಳಿದ ಪುಸ್ತಕವನ್ನು ತಡಮಾಡದೆ ತೆಗೆದುಕೊಡುವದು: ಕಿರಾಣಿ ಅಂಗಡಿಯ ಗುಮಾಸ್ತನು ಕತ್ತಲಲ್ಲಿಯೂ ಜೀರಿಗೆಯ ಡಬ್ಬಿಗೆ ಕೈ ಹಾಕುತ್ತಾನೆ. ಒಯ್ದವರ ಹೆಸರು ಬರೆದು, ದಿನ ಮೀರಿದರೆ ಮನಸ್ಸು ನೋಯದಂತೆ ತಿರುಗಿ ಕೇಳುವದು: ಉದ್ರಿ ವಸೂಲಿ ಮಾಡಿದವನಿಗಿಂತ ಹೆಚ್ಚಿಗೆ ಇದನ್ನು ಬಲ್ಲವರುಂಟೇ? ಸವಣೂರಿನ ಎಲೆ ವ್ಯಾಪಾರಿ ದಿನಾಲು ಕಟ್ಟು ಬಿಚ್ಚಿ ಕೊಳೆತ ಎಲೆಯನ್ನು ತೆಗೆದು ನೀರು ಚಿಮುಕಿಸಿ ಮತ್ತೆ ಕಟ್ಟುತ್ತಾನೆ. ಎಷ್ಟೋ ವಾಚನಾಲಯಗಳಲ್ಲಿ ಹುಳ ತಿಂದ ಪುಸ್ತಕವನ್ನು ಕಪಾಟಿನಿಂದ ಹೊರಗೆ ತೆಗೆಯುವ ಕೆಲಸ ವರ್ಷಕ್ಕೊಮ್ಮೆಯೂ ನಡೆಯುವದಿಲ್ಲ. ವರ್ಗೀಕರಣ, ಸೂಚಿ, ಈಗಿನ ಕಂಪ್ಯೂಟರು ಇವನ್ನು ಕಲಿಯಲೇಬೇಕು, ಇಲ್ಲವೆನ್ನುವವರಾರು? ರಂಗನಾಥನ್ ಅವರೂ ಕಲಿತರು. ಆದರೆ ನೌಕರಿ ಕೊಟ್ಟ ಮೇಲೆ ಕಲಿತರು, ಕಲಿತು ಬಂದು ಕೆಲಸ ಮಾಡಿದರು.

ಅದಕ್ಕೂ ಹೆಚ್ಚಿನ ಒಂದು ಮಾತಿದೆ. ಗಿರಣಿಯಿಂದ ಬಂದವನಿಗೆ ಗಿರಣಿಯವರ ಹೊತ್ತು ಗೊತ್ತಿರುತ್ತದೆ. ಅಮೇರಿಕೆಯ ಉಕ್ಕಿನ ದೊರೆ ಕಾರ್ನೆಗಿ ಜಗತ್ತಿನ ತುಂಬ ಗ್ರಂಥಾಲಯ ಕಟ್ಟಿಸಿ ಹೆಸರು ಮಾಡಿಕೊಂಡ. 1892ರಲ್ಲಿ ಹೋಮ್‌ಸ್ಟೆಡ್ ಎಂಬ ಊರಿನ ಅವನ ಕಾರ್ಖಾನೆಯಲ್ಲಿ ಕೂಲಿಕಾರರ ಸಂಘವನ್ನು ಮುರಿದರು. ಆರು ವರ್ಷದ ಮೇಲೆ, 1898ರಲ್ಲಿ, ಅದೇ ಊರಿನಲ್ಲಿ ಭವ್ಯವಾದ ಗ್ರಂಥಾಲಯ ತೆರೆಯಿತು. 12 ತಾಸು ಕುಲುಮೆಯ ಮುಂದೆ ಬೆಂದು ಬಂದವನು ಅದರಲ್ಲಿ ಹೋಗಿ ಓದುವದು ಯಾವಾಗ? ನಮ್ಮಲ್ಲಿಯೂ ಅದೇ ಹಾಡು. ಕಚೇರಿಯ ಹೊತ್ತಿಗೆ ತೆರೆದು ಕಚೇರಿಯ ಹೊತ್ತಿಗೆ ಮುಚ್ಚುವ ವಾಚನಾಲಯ ಯಾರಿಗಾಗಿ? ಪಾಳಿ ಬಿಟ್ಟು ಬರುವವನಿಗೂ ಅಂಗಡಿಯ ಬಾಗಿಲು ಹಾಕಿ ಬರುವವನಿಗೂ ಅಲ್ಲಿ ಕಾಣಿಸುವದು ಕೀಲಿ. “ಎಷ್ಟಕ್ಕೆ ತೆರೆಯುತ್ತೀ?” ಎಂಬ ಒಂದೇ ಪ್ರಶ್ನೆಯನ್ನು ಮುಲಾಖತಿಯಲ್ಲಿ ಕೇಳಿದರೆ ಸಾಕು, ಯಾವನು ತಕ್ಕವನೆಂಬುದು ತಿಳಿದುಬರುತ್ತದೆ.

ಖಾಸಗಿ ಸಂಸ್ಥೆಯ ಮಾತು ಹೀಗಾಯಿತು. ಪಂಚಾಯತಿಯ ವಾಚನಾಲಯಗಳ ಸ್ಥಿತಿ ಏನು? ರಾಜ್ಯದಲ್ಲಿ 5,600ಕ್ಕೂ ಮಿಕ್ಕಿ ಗ್ರಾಮ ಪಂಚಾಯತಿ ಗ್ರಂಥಾಲಯಗಳಿವೆ. 2019ರಲ್ಲಿ ಇವನ್ನು ಗ್ರಂಥಾಲಯ ಇಲಾಖೆಯಿಂದ ತೆಗೆದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು. 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ಒಳ್ಳೆಯ ಕೆಲಸ, ಒಳ್ಳೆಯದೆಂದೇ ಹೇಳುತ್ತೇವೆ. ಈಗ ಇವುಗಳ ಹೆಸರು ‘ಅರಿವು ಕೇಂದ್ರ’. ಹೆಸರು ಚೆಂದವಿದೆ. ಆದರೆ ಒಳಗೆ ಕುಳಿತು ದುಡಿಯುವವನ ಹೆಸರು ಮೇಲ್ವಿಚಾರಕ, ಅವನಿಗೆ ಸಿಗುವದರ ಹೆಸರು ಗೌರವಧನ. ವಾಚಕರೇ, ಈ ‘ಗೌರವಧನ’ ಎಂಬ ಶಬ್ದವನ್ನು ಸ್ವಲ್ಪ ತಿರುವಿ ನೋಡಿರಿ. ಪಗಾರ ಎಂದರೆ ಹಕ್ಕು ಬರುತ್ತದೆ, ಭತ್ತೆ ಬರುತ್ತದೆ, ಸೂಟಿ ಬರುತ್ತದೆ, ಪಿಂಚಣಿಯ ಮಾತು ಬರುತ್ತದೆ. ಗೌರವಧನ ಎಂದರೆ ನಮಸ್ಕಾರ ಬರುತ್ತದೆ! ಕನಿಷ್ಠ ವೇತನ ಕೊಡಿರೆಂದು ಈ ಮೇಲ್ವಿಚಾರಕರು ವರ್ಷಗಟ್ಟಲೆ ಕೇಳಿದ್ದಾರೆ, ಬೆಂಗಳೂರಿಗೆ ಹೋಗಿ ಧರಣಿ ಕುಳಿತಿದ್ದಾರೆ. ಕೇಳಿದಷ್ಟು ಸಲ ಸ್ವಲ್ಪ ಸ್ವಲ್ಪ ಏರಿಸಿದ್ದು ಹೌದು. ನೌಕರಿ ಮಾತ್ರ ನೌಕರಿಯಾಗಲಿಲ್ಲ.

ಈ ಜಾಗಗಳಿಗೆ ಆಯ್ಕೆ ಹೇಗೆ? ಈಚಿನ ವರ್ಷಗಳಲ್ಲಿ ಜಿಲ್ಲಾ ಪಂಚಾಯತಿಗಳು ಹೊರಡಿಸಿದ ಪ್ರಕಟಣೆಗಳಲ್ಲಿ ಪಿ.ಯು.ಸಿ. ಆಗಿರಬೇಕು, ಗ್ರಂಥಾಲಯ ವಿಜ್ಞಾನದ ಸರ್ಟಿಫಿಕೇಟು ಇರಬೇಕು, ಕಂಪ್ಯೂಟರು ಕಲಿತಿರಬೇಕು ಎಂದಿರುತ್ತದೆ. ಅಂಕಪಟ್ಟಿಯನ್ನೂ ಮೀಸಲಾತಿಯನ್ನೂ ನೋಡಿ ಹೆಸರು ಹಚ್ಚುವದು ರೂಢಿ. ಅಂದರೆ 17 ವರ್ಷದವನಿದ್ದಾಗ ಪರೀಕ್ಷೆಯಲ್ಲಿ ಎಷ್ಟು ಅಂಕ ಬಂದಿದ್ದವು ಎಂಬುದರ ಮೇಲೆ 30ರ ಮನುಷ್ಯನ ಯೋಗ್ಯತೆ ಗೊತ್ತಾಗುತ್ತದೆ. ನಡುವಿನ 13 ವರ್ಷ ಅವನು ಲೆಕ್ಕ ಬರೆದದ್ದು, ಗಿರಾಕಿಯ ಸಂಗಡ ಮಾತಾಡಿದ್ದು, ಓದಿದ್ದು ಯಾವದೂ ಎಣಿಕೆಗೆ ಇಲ್ಲ. ಸರ್ಟಿಫಿಕೇಟನ್ನು ಅವನು ತನ್ನ ದುಡ್ಡಿನಿಂದ, ತನ್ನ ಪಾಳಿ ಬಿಟ್ಟು, ಜಾಗ ಸಿಗುವ ಖಾತ್ರಿಯಿಲ್ಲದೆ ತರಬೇಕು. ಮದ್ರಾಸಿನಲ್ಲಿ 1924ರಲ್ಲಿ ನಡೆದದ್ದು ಇದಕ್ಕೆ ಸರಿಯಾಗಿ ತಿರುಗುಮುರುಗು.

“ಅಂಕ ಬಿಟ್ಟು ಮುಲಾಖತಿ ಮಾಡಿದರೆ ವಶೀಲಿ ನಡೆಯುತ್ತದೆ” ಎಂದು ಯಾರಾದರೂ ಹೇಳಬಹುದು. ಈ ಮಾತನ್ನು ನಾವು ಹಗುರಾಗಿ ತಳ್ಳಿಹಾಕುವದಿಲ್ಲ. ನಾಲ್ಕು ಗೋಡೆಗಳ ನಡುವೆ ಮೂವರು ಕುಳಿತು ಒಬ್ಬನನ್ನು ಕೇಳುವದಾದರೆ ಅಧ್ಯಕ್ಷರ ಅಳಿಯನಿಗೇ ಜಾಗ. ಬಡವನಿಗೆ ಅಂಕಪಟ್ಟಿಯೇ ವಾಸಿ. ಹಾಗಾದರೆ ಗೋಡೆಗಳನ್ನು ತೆಗೆಯಿರಿ. ಕ್ಯೂಬಾ ದೇಶದ ಚುಟ್ಟಾ ಕಾರ್ಖಾನೆಗಳಲ್ಲಿ 1865ರಿಂದ ಒಂದು ಪದ್ಧತಿ ಬೆಳೆದು ಬಂತು. ಕೂಲಿಕಾರರು ಎಲೆ ಸುತ್ತುತ್ತ ಕುಳಿತಿರುವಾಗ ಒಬ್ಬನು ಎತ್ತರದ ಜಾಗದಲ್ಲಿ ಕುಳಿತು ವೃತ್ತಪತ್ರಿಕೆ, ಕಾದಂಬರಿ ಓದಿ ಹೇಳುತ್ತಿದ್ದ. ಅವನ ಪಗಾರವನ್ನು ಕೂಲಿಕಾರರೇ ತಮ್ಮ ಕೂಲಿಯಲ್ಲಿ ಮುರಿದು ಕೊಡುತ್ತಿದ್ದರು. ಅವನನ್ನು ಆರಿಸುವವರೂ ಅವರೇ: ಬಂದವನು ಎಲ್ಲರ ಮುಂದೆ ಓದಿ ತೋರಿಸಬೇಕು, ಕೇಳಿದವರು ಮತ ಹಾಕಬೇಕು. ಮಾಲಿಕರಿಗೂ ಸರಕಾರಕ್ಕೂ ಇದು ಸೇರಲಿಲ್ಲ, ಮರುವರ್ಷವೇ ನಿಲ್ಲಿಸಿ ನೋಡಿದರು. ಆದರೂ ಅದು ತಿರುಗಿ ತಲೆಯೆತ್ತಿತು. ನಮ್ಮ ವಾಚನಾಲಯದ ಜಾಗಕ್ಕೂ ಅದೇ ಊರಿನ ಓದುಗರ ಮುಂದೆ, ಅದೇ ಕೋಣೆಯಲ್ಲಿ, ಸಂಜೆಯ ಹೊತ್ತು ಬಾಗಿಲು ತೆರೆದಿಟ್ಟು ಮುಲಾಖತಿ ನಡೆಸಿದರೆ ಏನು ಕೆಡುತ್ತದೆ? ಸಂಜೆ ನಡೆದರೆ ದಿನದ ಕೂಲಿಯೂ ಉಳಿಯುತ್ತದೆ, ಮುಕಾದಮನ ಕಣ್ಣೂ ತಪ್ಪುತ್ತದೆ.

ದುಡ್ಡು ಎಲ್ಲಿಂದ ಬರಬೇಕು ಎನ್ನುವವರು ತಮ್ಮ ಮನೆಯ, ಅಂಗಡಿಯ ಕಂದಾಯದ ರಸೀದಿಯನ್ನು ತೆಗೆದು ನೋಡಬೇಕು. ಅದರಲ್ಲಿ ‘ಗ್ರಂಥಾಲಯ ಕರ’ ಎಂಬ ಕಲಮು ಇದೆ. 1965ರಲ್ಲಿ ಆದ ಸಾರ್ವಜನಿಕ ಗ್ರಂಥಾಲಯಗಳ ಕಾಯದೆ ತಂದ ಕರ ಅದು. ಈಗ 100 ರೂಪಾಯಿ ಕಂದಾಯಕ್ಕೆ 6 ರೂಪಾಯಿ. ಸವಣೂರಿನ ಚಹದಂಗಡಿಯವನೂ ಕೊಡುತ್ತಾನೆ, ಅಕ್ಕಿಆಲೂರಿನ ಬಟ್ಟೆ ಅಂಗಡಿಯವನೂ ಕೊಡುತ್ತಾನೆ. ಬೆಂಗಳೂರಿನ ಹಿಂದಿನ ಮಹಾನಗರ ಪಾಲಿಕೆಯು ಹೀಗೆ ವಸೂಲು ಮಾಡಿದ ಹಣವನ್ನು ಗ್ರಂಥಾಲಯ ಇಲಾಖೆಗೆ ಪೂರ್ತಿ ಮುಟ್ಟಿಸದೆ ಕೋಟಿಗಟ್ಟಲೆ ಬಾಕಿ ಇಟ್ಟುಕೊಂಡ ಸುದ್ದಿ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ. ಓದುವದಕ್ಕೆಂದು ಕೊಟ್ಟ ದುಡ್ಡು ಓದುವದಕ್ಕೇ ಖರ್ಚಾಗಬೇಕೆಂದು ಕೇಳುವದಕ್ಕೆ ಸಮಾಜವಾದಿಯೇ ಆಗಬೇಕೆಂದಿಲ್ಲ; ಲೆಕ್ಕ ಬಲ್ಲ ಯಾವ ವ್ಯಾಪಾರಿಯೂ ಕೇಳಬಹುದು.

ದುಡ್ಡಿಲ್ಲದೆ, ಯಾರೂ ಕರೆಯದೆ, ಈ ಕೆಲಸ ಮಾಡಿದ ಕೂಲಿಕಾರರೂ ನಾಡಿನಲ್ಲಿ ಇದ್ದಾರೆ. ಮಂಡ್ಯ ಜಿಲ್ಲೆಯ ಹರಳಹಳ್ಳಿಯ ಅಂಕೇಗೌಡರು ಬಸ್ಸಿನ ಕಂಡಕ್ಟರಾಗಿ, ಆಮೇಲೆ ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ದುಡಿದು, ಪಗಾರದ ಬಹುಪಾಲನ್ನು ಪುಸ್ತಕಕ್ಕೆ ಹಾಕಿ ಲಕ್ಷಗಟ್ಟಲೆ ಪುಸ್ತಕ ಕೂಡಿಸಿದರು. ಮೈಸೂರಿನ ರಾಜೀವನಗರದಲ್ಲಿ ಕೂಲಿಕಾರರೊಬ್ಬರು ನಡೆಸುತ್ತಿದ್ದ ಕನ್ನಡ ವಾಚನಾಲಯ 2021ರ ಏಪ್ರಿಲದಲ್ಲಿ ಬೆಂಕಿಗೆ ಸುಟ್ಟು ಹೋದಾಗ ನಾಡಿನ ನಾಲ್ಕೂ ಕಡೆಯಿಂದ ಜನ ಮರುಗಿದರು. ಇಂಥವರಿಗೆ ಶಾಲು ಹೊದಿಸುವ ಸಭೆಗಳಿಗೆ ನಾವೂ ಹೋಗಿದ್ದೇವೆ. ಶಾಲು ಹೊದಿಸುವ ಕೈಗಳೇ ಮರುದಿವಸ ಮುಲಾಖತಿಯ ಮೇಜಿನ ಹಿಂದೆ ಕುಳಿತು ಗಿರಣಿಯವನನ್ನು ಹೊರಗೆ ಕಳಿಸುವದನ್ನೂ ನೋಡಿದ್ದೇವೆ.

ಮುಲಾಖತಿಗೆ ಹೋಗಲಿರುವ ತಮ್ಮಂದಿರಿಗೂ ತಂಗಿಯರಿಗೂ ಎರಡು ಮಾತು. ಇದ್ದ ಕೆಲಸ ಯಾಕೆ ಬಿಡುತ್ತೀ ಎಂದರೆ ತಲೆ ತಗ್ಗಿಸಬೇಡಿರಿ. ಈ ಕೆಲಸದಲ್ಲಿ ನಾನು ಇಂಥಿಂಥದನ್ನು ಕಲಿತಿದ್ದೇನೆ, ಅದು ಇಲ್ಲಿ ಹೀಗೆ ಉಪಯೋಗಕ್ಕೆ ಬರುತ್ತದೆ ಎಂದು ಹೇಳಿರಿ. ಹೋಗುವ ಮೊದಲು ಆ ವಾಚನಾಲಯಕ್ಕೆ ಒಂದು ಸಂಜೆ ಹೋಗಿ ಕುಳಿತು ಬರಬೇಕು. ಯಾರು ಬರುತ್ತಾರೆ, ಏನು ಕೇಳಿ ಸಿಗದೆ ತಿರುಗಿ ಹೋಗುತ್ತಾರೆ ಎಂಬುದನ್ನು ಕಂಡು ಬಂದವನ ಮಾತಿಗೆ ತೂಕ ಬರುತ್ತದೆ. “ಎಷ್ಟಕ್ಕ ಬರ್ತಿ?” ಎಂದು ಕೇಳಿದವರನ್ನು ನೀವೂ ಕೇಳಬೇಕು: ಪಗಾರ ಎಷ್ಟು, ತಿಂಗಳಿಗೊಮ್ಮೆ ಕೊಡುತ್ತೀರೋ ಆರು ತಿಂಗಳಿಗೊಮ್ಮೆಯೋ? ಭವಿಷ್ಯನಿಧಿ ಇದೆಯೋ? ತರಬೇತಿಯ ಖರ್ಚು ಯಾರದು? ವರ್ಷಕ್ಕೆ ಹೊಸ ಪುಸ್ತಕಕ್ಕೆಂದು ಎಷ್ಟು ತೆಗೆದಿಡುತ್ತೀರಿ? ದನದ ಪೇಟೆಯಲ್ಲಿ ಎತ್ತು ಕೊಳ್ಳುವವನೂ ಮಾರುವವನೂ ಇಬ್ಬರೂ ಹಲ್ಲು ನೋಡುತ್ತಾರೆ. ಕಾಗದದ ಮೇಲೆ ಉತ್ತರ ಬರುವ ತನಕ ಇದ್ದ ಕೆಲಸಕ್ಕೆ ರಾಜೀನಾಮೆ ಕೊಡಬೇಡಿರಿ.

ಉಳಿದವರು ಮುಂದಿನ ಗ್ರಾಮಸಭೆಗೆ ಕಂದಾಯದ ರಸೀದಿಯನ್ನು ಕಿಸೆಯಲ್ಲಿ ಇಟ್ಟುಕೊಂಡು ಹೋಗಬೇಕು. ಹೋದ ವರ್ಷ ನಮ್ಮ ಪಂಚಾಯತಿಯಲ್ಲಿ ಗ್ರಂಥಾಲಯ ಕರ ಎಷ್ಟು ವಸೂಲಾಯಿತು, ಅದರಲ್ಲಿ ವಾಚನಾಲಯಕ್ಕೆ ಮುಟ್ಟಿದ್ದೆಷ್ಟು, ಮೇಲ್ವಿಚಾರಕರಿಗೆ ಎಷ್ಟು ತಿಂಗಳ ಹಣ ಬಾಕಿ ಇದೆ ಎಂಬ ಮೂರು ಅಂಕಿಗಳನ್ನು ಕೇಳಿ, ನಡಾವಳಿಯ ಪುಸ್ತಕದಲ್ಲಿ ಬರೆಸಬೇಕು. ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ತಾಲೂಕುಗಳಿಂದ ಈ ಅಂಕಿಗಳನ್ನು ಬರೆದು ಕಳಿಸಿದರೆ ಊರಿನ ಹೆಸರು ಹಾಕಿ ಈ ಪುಟದಲ್ಲಿಯೇ ಅಚ್ಚು ಮಾಡುತ್ತೇವೆ.